ಲೀನಿಯಾ ಟಿ-ಜೆಟ್‌ಗೆ ಬೂಸ್ಟ್ ಕಂಟ್ರೋಲರ್ ನಾನೇ ಹಾಕಿಕೊಳ್ಳಬಹುದಾ?

ಗೌರಿಬಿದನೂರಿನವರು ಅಂತ ಬರೆದಿದ್ದೀರಿ. ಹಳೆ ಫಿಯಟ್ ಲೀನಿಯಾ ಟಿ-ಜೆಟ್, ಅಂದರೆ ಟರ್ಬೊ ಇರುವ ಪೆಟ್ರೋಲ್ ಕಾರು, ತಗೊಂಡಿದ್ದೀರಿ. ಆನ್‌ಲೈನ್‌ನಲ್ಲಿ ಸಿಗುವ ಮ್ಯಾನುಯಲ್ ಬೂಸ್ಟ್ ಕಂಟ್ರೋಲರನ್ನು (ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡವೇ ಬೂಸ್ಟ್, ಅದನ್ನು ಕೈಯಲ್ಲೇ ಏರಿಸುವ ತಿರುಪು ಇದು) ಮನೆಯಲ್ಲೇ ಹಾಕಬಹುದಾ, ಪಿಕಪ್ ಜಾಸ್ತಿ ಆಗುತ್ತಾ ಅಂತ ಕೇಳಿದ್ದೀರಿ. ಎರಡಕ್ಕೂ ಹೌದು. ಆದರೆ ನಾನು ಹಾಕಿ, ಆಮೇಲೆ ಬಿಚ್ಚಿದವನು. ಯಾಕೆ ಅಂತ ಓದಿ, ಮುಂದಿನದು ನಿಮ್ಮಿಷ್ಟ.

ನಂದೂ ಅದೇ ಗಾಡಿ, 1.4 ಲೀಟರ್, 114 ಪಿಎಸ್ (ಹಾರ್ಸ್‌ಪವರ್ ಇದ್ದ ಹಾಗೆ). ಊರು ಚಿಕ್ಕಬಳ್ಳಾಪುರ. ಇದೇ 1.4 ಟಿ-ಜೆಟ್‌ನಿಂದ ಫಿಯಟ್‌ನದೇ ಅಬಾರ್ತ್ ಪುಂಟೋದಲ್ಲಿ 145 ಪಿಎಸ್ ತೆಗೆದಿದ್ದಾರೆ ಅಂತ ಗೊತ್ತಾದ ದಿನದಿಂದ ನನಗೂ ಕೈ ತುರಿಸುತ್ತಿತ್ತು.

ಬಾನೆಟ್ ತೆಗೆದರೆ ಟರ್ಬೊ (ಎಂಜಿನ್ನಿನ ಹೊಗೆಯ ಬಲದಿಂದ ತಿರುಗಿ ಗಾಳಿ ಒತ್ತುವ ಪಂಪು) ಪಕ್ಕ ಒಂದು ಪುಟ್ಟ ಡಬ್ಬಿ, ಅದರಿಂದ ಹೊರಗೆ ಬಂದ ಒಂದು ಕಡ್ಡಿ ಕಾಣುತ್ತದೆ. ಅದೇ ಆಕ್ಚುಯೇಟರ್. ಟರ್ಬೊ ಒತ್ತಿದ ಗಾಳಿ ಸಣ್ಣ ಪೈಪಿನಲ್ಲಿ ಆ ಡಬ್ಬಿಗೆ ಬರುತ್ತದೆ. ಒತ್ತಡ ಏರಿದಾಗ ಒಳಗಿನ ಸ್ಪ್ರಿಂಗ್ ಸೋತು, ಕಡ್ಡಿ ಮುಂದಕ್ಕೆ ಹೋಗಿ, ವೇಸ್ಟ್‌ಗೇಟ್ ಅನ್ನುವ ಬಾಗಿಲು ತೆರೆಯುತ್ತದೆ. ಆಮೇಲೆ ಒಂದಷ್ಟು ಹೊಗೆ ಟರ್ಬೊದ ಚಕ್ರ (ಟರ್ಬೈನ್) ತಿರುಗಿಸದೆ ಪಕ್ಕದಿಂದ ಜಾರಿಕೊಳ್ಳುತ್ತದೆ, ಬೂಸ್ಟ್ ಅಲ್ಲಿಗೆ ನಿಲ್ಲುತ್ತದೆ. ಕಂಟ್ರೋಲರ್ ಕೂರುವುದು ಆ ಸಣ್ಣ ಪೈಪಿನ ಮಧ್ಯೆ. ಒಳಗೆ ಒಂದು ಗುಂಡು, ಅದರ ಹಿಂದೆ ಸ್ಪ್ರಿಂಗ್. ತಿರುಪು ಬಿಗಿ ಮಾಡಿದಷ್ಟೂ ಗುಂಡು ತಡವಾಗಿ ದಾರಿ ಬಿಡುತ್ತದೆ. ಅಂದರೆ ಡಬ್ಬಿಗೆ ‘ಇನ್ನೂ ಒತ್ತಡ ಬಂದಿಲ್ಲಪ್ಪ, ಸುಮ್ನಿರು’ ಅಂತ ಸುಳ್ಳು ಹೇಳುವ ಕೆಲಸ. ಹಾಗಾಗಿ ಇದರಿಂದ ಬೂಸ್ಟ್ ಏರಿಸಬಹುದೇ ಹೊರತು, ಡಬ್ಬಿಯ ಸ್ಪ್ರಿಂಗಿಗಿಂತ ಕೆಳಗೆ ಇಳಿಸಲು ಆಗುವುದಿಲ್ಲ.

ಹಾಕುವುದು ಅರ್ಧ ಗಂಟೆಯ ಕೆಲಸ. ಆದರೆ ಮೊದಲು ಬೂಸ್ಟ್ ಮೀಟರ್ ಹಾಕಿ. ಮೀಟರ್ ಇಲ್ಲದೆ ತಿರುಪಿಗೆ ಕೈ ಹಚ್ಚುವುದು ಕಣ್ಣು ಮುಚ್ಚಿ ಉಪ್ಪು ಸುರಿದ ಹಾಗೆ. ಮೀಟರಿನ ಪೈಪನ್ನು ಇನ್‌ಟೇಕ್ ಮ್ಯಾನಿಫೋಲ್ಡ್‌ನಿಂದ (ಎಂಜಿನ್ನಿಗೆ ಗಾಳಿ ಹಂಚುವ ಕೊಳವೆ) ತೆಗೆಯಬೇಕು, ಅಂದರೆ ಥ್ರಾಟಲ್ ದಾಟಿದ ಮೇಲೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕಂಟ್ರೋಲರಿನ ಬಾಣದ ಗುರುತು ಡಬ್ಬಿ ಕಡೆಗೆ ಬರುವ ಹಾಗೆ ಜೋಡಿಸಿ. ಡಬ್ಬಿ ಕಡೆಯ ಮೂತಿಯಲ್ಲಿ ಸೂಜಿಮೊನೆಯಷ್ಟು ತೂತು ಇರುತ್ತದೆ. ಲೀಕ್ ಅಂತ ಅದಕ್ಕೆ ಎಂ-ಸೀಲ್ ಮೆತ್ತಬೇಡಿ, ಪೈಪಿನಲ್ಲಿ ಸಿಕ್ಕಿಬಿದ್ದ ಗಾಳಿ ಹೊರಗೆ ಹೋಗುವುದು ಅಲ್ಲಿಂದಲೇ. ತಿರುಪು ಪೂರ್ತಿ ಸಡಿಲ ಇಟ್ಟು ಶುರು ಮಾಡಿ. ಖಾಲಿ ರಸ್ತೆಯಲ್ಲಿ, ಪಕ್ಕದಲ್ಲಿ ಮೀಟರ್ ನೋಡಲು ಒಬ್ಬರನ್ನು ಕೂರಿಸಿಕೊಂಡು, ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿ ನೋಡಿ. ಒಂದು ಸಲಕ್ಕೆ ಕಾಲು ಸುತ್ತು, ಅಷ್ಟೇ.

ಪೈಪಿನ ವಿಷಯದಲ್ಲಿ ನಾನು ಮಾಡಿದ ದಡ್ಡತನ ನೀವು ಮಾಡಬೇಡಿ. ಕಿಟ್ ಜೊತೆ ಬಂದ ಪೈಪ್ ಗಿಡ್ಡ ಆಯಿತು ಅಂತ ಮೀನಿನ ತೊಟ್ಟಿಗೆ ಹಾಕುವ ಬಿಳಿ ಪೈಪ್ ಸೇರಿಸಿದ್ದೆ. ನಮ್ಮ ಬೀದಿಯ ಮೆಕ್ಯಾನಿಕ್ ನೋಡಿ, ‘ಏನ್ ಸಾರ್, ಗಾಡಿಗೆ ಡ್ರಿಪ್ಸ್ ಹಾಕಿಸಿದ್ದೀರಾ?’ ಅಂತ ನಕ್ಕಿದ್ದ. ಮೂರನೇ ದಿನ ನಂದಿ ಬೆಟ್ಟ ಹತ್ತುವಾಗ ಟರ್ಬೊ ಕಾವಿಗೆ ಅದು ಮೆತ್ತಗಾಗಿ ಡಬ್ಬಿಯಿಂದ ಕಳಚಿತು. ಡಬ್ಬಿಗೆ ಗಾಳಿಯೇ ಬರದಿದ್ದರೆ ವೇಸ್ಟ್‌ಗೇಟ್ ತೆರೆಯುವುದೇ ಇಲ್ಲ. ಮುಳ್ಳು ಯಾವತ್ತೂ ನೋಡದ ಜಾಗಕ್ಕೆ ಹಾರಿತು. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ತಕ್ಷಣ ಪವರ್ ಕಟ್ ಮಾಡಿದ್ದಕ್ಕೆ ಎಂಜಿನ್ ಉಳಿಯಿತು. ಸಿಲಿಕೋನ್ ಪೈಪ್, ಎರಡೂ ತುದಿಗೆ ಕ್ಲಿಪ್, ಬಿಸಿಯಾಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರ. ಇದರಲ್ಲಿ ಚೌಕಾಸಿ ಬೇಡ.

ಅದು ಸರಿಯಾದ ಮೇಲೆ ಮೊದಲಿಗಿಂತ 0.15 ಬಾರ್ ಮಾತ್ರ ಏರಿಸಿ ನಿಲ್ಲಿಸಿದೆ. ಎರಡು ಪಿಎಸ್‌ಐಗೆ ಸ್ವಲ್ಪ ಜಾಸ್ತಿ. ಎರಡು ತಿಂಗಳು ಗಾಡಿ ಕುದುರೆ ಹಾಗಿತ್ತು. ಬಾಗೇಪಲ್ಲಿ ಕಡೆ ಹೈವೇಯಲ್ಲಿ ಓವರ್‌ಟೇಕ್ ಮಾಡುವಾಗ ಸಿಗುತ್ತಿದ್ದ ಖುಷಿ ಸುಳ್ಳಲ್ಲ.

ಆಮೇಲೆ ಮಂಗಳೂರಿಗೆ ಹೋದೆವು. ಶಿರಾಡಿ ಇಳಿದು ಬಿ.ಸಿ. ರೋಡ್ ಹತ್ತಿರ ಒಂದು ಲಾರಿ ದಾಟಲು ಒತ್ತಿದೆ. ಗಾಡಿ ಮುಗ್ಗರಿಸಿತು, ಎಂಜಿನ್ ಲೈಟ್ ಹತ್ತಿತು. ಎಷ್ಟು ಒತ್ತಿದರೂ ಎತ್ತಿನಗಾಡಿ. ನಿಲ್ಲಿಸಿ ಎಲ್ಲ ಪೈಪ್ ನೋಡಿದೆ, ಎಲ್ಲ ಗಟ್ಟಿಯಾಗಿವೆ. ಎರಡು ದಿನ ಅಲ್ಲಿ ಇದೇ ಕಾಟ. ವಾಪಸ್ ಬರುವಾಗ ಸಕಲೇಶಪುರ ದಾಟಿದ ಮೇಲೆ ಒತ್ತಿ ನೋಡಿದರೆ ಏನೂ ಆಗದವನ ಹಾಗೆ ಓಡಿತು! ಮನೆಯವಳು ‘ನಿಮ್ಮ ಗಾಡಿಗೆ ಮಂಗಳೂರು ಹಿಡಿಸಿಲ್ಲ’ ಅಂದಳು.

ತಮಾಷೆಗೆ ಅಂದಿದ್ದು, ಆದರೆ ಅದೇ ನಿಜ. ನಮ್ಮೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಸುತ್ತಲಿನ ಗಾಳಿಯ ಒತ್ತಡವೇ 0.91 ಬಾರ್ ಆಸುಪಾಸು, ಮಂಗಳೂರಿನಲ್ಲಿ 1.01. ಡಬ್ಬಿಯ ಸ್ಪ್ರಿಂಗ್ ನೋಡುವುದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅನ್ನುವುದನ್ನು ಮಾತ್ರ. ಇಸಿಯು ನೋಡುವುದು ಒಟ್ಟು ಒತ್ತಡವನ್ನು. ನನ್ನ ಮೀಟರಿನಲ್ಲಿ ಮುಳ್ಳು ಅದೇ ಜಾಗದಲ್ಲಿ ನಿಂತಿದ್ದರೂ ಎಂಜಿನ್ ಒಳಗೆ 0.1 ಬಾರ್ ಸುಮ್ನೆ ಜಾಸ್ತಿ ಹೋಗುತ್ತಿತ್ತು. ನಾನು ಏರಿಸಿದ 0.15ರ ಮೇಲೆ ಅದು ಬೇರೆ. ಇಸಿಯು ತಡೆದುಕೊಳ್ಳುತ್ತಾ? ನಮ್ಮ ಬಯಲುಸೀಮೆ ಎತ್ತರದಲ್ಲಿ ಸೆಟ್ ಮಾಡಿದ ತಿರುಪು ಕರಾವಳಿಗೆ ಲೆಕ್ಕ ತಪ್ಪುತ್ತದೆ. ಗೌರಿಬಿದನೂರು ನಮಗಿಂತ ಒಂಚೂರು ಕೆಳಗೆ, ನಿಮಗೂ ಇದೇ ಕಥೆ.

ಕಂಪನಿಯವರು ಪೈಪಿನ ಮಧ್ಯೆ ಒಂದು ಸೊಲೆನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಇಟ್ಟಿರುವುದು ಇದಕ್ಕೇ. ಊರು, ಬಿಸಿಲು, ಪೆಟ್ರೋಲ್ ನೋಡಿಕೊಂಡು ಇಸಿಯು ಅದರ ಮೂಲಕ ಬೂಸ್ಟ್ ಏರಿಸಿ ಇಳಿಸುತ್ತದೆ. ಮ್ಯಾನುಯಲ್ ಕಂಟ್ರೋಲರ್ ಹಾಕುವಾಗ ಅದರ ಪೈಪ್ ಕಿತ್ತು ಪಕ್ಕಕ್ಕಿಡುತ್ತೇವೆ (ವೈರಿನ ಪ್ಲಗ್ ಮಾತ್ರ ಕೀಳಬೇಡಿ, ಲೈಟ್ ಹತ್ತುತ್ತದೆ). ಆಮೇಲೆ ನಾಕಿಂಗ್ (ಪೆಟ್ರೋಲ್ ತಾನಾಗಿ ಹೊತ್ತಿ ಬಡಿಯುವುದು) ಬಂದರೆ ಇಸಿಯು ಇಗ್ನಿಷನ್, ಅಂದರೆ ಕಿಡಿ ಹೊಡೆಯುವ ಸಮಯ, ಹಿಂದಕ್ಕೆ ತಳ್ಳಬಹುದು, ಬೂಸ್ಟ್ ಇಳಿಸಲು ಅದಕ್ಕೆ ಕೈಯೇ ಇಲ್ಲ. ಏಪ್ರಿಲ್ ಬಿಸಿಲು, ಟ್ಯಾಂಕಿನಲ್ಲಿ ಮಾಮೂಲಿ ಪೆಟ್ರೋಲ್, ನಾಲ್ಕು ಜನ, ಎಸಿ. ಡಬ್ಬದಲ್ಲಿ ಕಡಲೆಬೀಜ ಅಲ್ಲಾಡಿಸಿದ ಸದ್ದು ಕೇಳಿದರೆ ಕಾಲು ತೆಗೆಯಿರಿ, ಪಿಸ್ಟನ್ ಒಡೆಯುವುದು ಹಾಗೇ.

ನಾನು ಕೊನೆಗೆ ಅದನ್ನು ಬಿಚ್ಚಿ, ಸೊಲೆನಾಯ್ಡ್ ಮೊದಲಿನ ಹಾಗೆ ಜೋಡಿಸಿ, ದುಡ್ಡು ಕೂಡಿಟ್ಟು ಇಸಿಯು ರಿಮ್ಯಾಪ್ (ಅದರ ಸಾಫ್ಟ್‌ವೇರ್ ಸೆಟ್ಟಿಂಗ್ ಬದಲಾವಣೆ) ಮಾಡಿಸಿದೆ. ಖರ್ಚು ಎಷ್ಟೋ ಪಟ್ಟು ಜಾಸ್ತಿ. ಆದರೆ ಮಂಗಳೂರಿಗೆ ಹೋಗಿ ಬಂದೆ, ಮುಗ್ಗರಿಸಲಿಲ್ಲ. ರಿಮ್ಯಾಪ್ ಆಗಲಿ ಕಂಟ್ರೋಲರ್ ಆಗಲಿ, ಇನ್ಶೂರೆನ್ಸ್‌ನವರಿಗೆ ಹೇಳದೆ ಮಾಡಿದರೆ ಕ್ಲೇಮ್ ಹೊತ್ತಿನಲ್ಲಿ ತಕರಾರು ಬರಬಹುದು, ಅದೂ ತಲೆಯಲ್ಲಿರಲಿ.

ನಿಮ್ಮ ತಮ್ಮನ ಪೋಲೋ ಜಿಟಿ ಟಿಎಸ್‌ಐಗೂ ಒಂದು ತರಿಸೋಣ ಅಂದಿದ್ದೀರಲ್ಲ, ಅದನ್ನು ಈಗಲೇ ಕ್ಯಾನ್ಸಲ್ ಮಾಡಿ. ಅದರ 1.2 ಟಿಎಸ್‌ಐ ಟರ್ಬೊ ಎಂಜಿನ್ನಿನಲ್ಲಿ ವೇಸ್ಟ್‌ಗೇಟ್ ತೆರೆಯುವುದು ಕರೆಂಟಿನ ಮೋಟಾರ್. ಗಾಳಿ ಪೈಪೇ ಇಲ್ಲ, ಕಂಟ್ರೋಲರ್ ಎಲ್ಲಿ ಸಿಗಿಸುತ್ತೀರಿ?

ನಿಮ್ಮದಕ್ಕೆ ಹಾಕಿಯೇ ತೀರುತ್ತೀರಿ ಅಂದರೆ, ಟರ್ಬೊ ಕಡೆಯಿಂದ ಒಂದು ಫೋಟೋ ತೆಗೆದು ಹಾಕಿ. ಯಾವ ಪೈಪ್ ಅಂತ ಗುರುತು ಮಾಡಿ ಕೊಡುತ್ತೇನೆ. ಬಿಳಿ ಪೈಪ್ ಕಂಡರೆ ಮಾತ್ರ ಉತ್ತರ ಕೊಡುವುದಿಲ್ಲ.