ಮೀನು ಬಿಟ್ಟವರಿಗೆ ಹಲಸಿನ ಬೇಳೆಯ ಪ್ರೋಟೀನು ಸಾಕಾಗುತ್ತದೆಯೇ?

ಕಾರವಾರದಲ್ಲಿದ್ದು ಮೀನು ತಿನ್ನುವುದನ್ನು ಬಿಟ್ಟಿರುವ ತಾವು, ಮನೆಯಲ್ಲಿ ಧಾರಾಳವಾಗಿರುವ ಹಲಸಿನ ಬೇಳೆಯಿಂದಲೇ ಪ್ರೋಟೀನು ಸಿಗಬಹುದೇ ಎಂದು ಕೇಳಿದ್ದೀರಿ. ಅದೊಂದರಿಂದಲೇ ಸಾಲದು. ಹೆಸರಿಗೆ ಬೇಳೆಯಾದರೂ ಅದು ತೊಗರಿ, ಉದ್ದಿನ ಸಾಲಿಗೆ ಸೇರಿದ್ದಲ್ಲ. ನೂರು ಗ್ರಾಂ ಹಸಿ ಬೀಜದಲ್ಲಿ 6ರಿಂದ 7 ಗ್ರಾಂ ಪ್ರೋಟೀನು ಮಾತ್ರ ಇದ್ದು, ಅರ್ಧದಷ್ಟು ನೀರು, ಉಳಿದದ್ದರಲ್ಲಿ ಬಹುಪಾಲು ಪಿಷ್ಟ.

ಹಾಗೆಂದು ಅದನ್ನು ಬಿಡಬೇಡಿ. ಶಿರಸಿ ಕಡೆಯ ನಮ್ಮ ಮನೆಯಲ್ಲಿ ಅಮ್ಮ ಬೀಜಗಳಿಗೆ ಕೆಮ್ಮಣ್ಣು ಸವರಿ ಒಣಗಿಸಿ, ಮಳೆಗಾಲದ ಹುಳಿಗೆಂದು ಮೂಲೆಯಲ್ಲಿ ಕೂಡಿಡುತ್ತಿದ್ದರು. ಬಿಳಿ ಸಿಪ್ಪೆ ಸುಲಿದು ಕಂದು ಪೊರೆಯ ಸಮೇತ ಬೇಯಿಸಿದ ಆ ಬೀಜದ ರುಚಿಯೇ ಬೇರೆ. ಆದರೆ ಪ್ರೋಟೀನನ್ನು ಜೀರ್ಣಿಸುವ ಕಿಣ್ವಕ್ಕೆ ಅಡ್ಡಿಯಾಗುವ ಅಂಶ ಹಸಿ ಬೀಜದಲ್ಲಿರುವುದರಿಂದ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.

ತಾವು ನೆಚ್ಚಬೇಕಾದದ್ದು ಹುರಳಿಯನ್ನು. ಒಣ ಹುರಳಿಯಲ್ಲಿ ನೂರಕ್ಕೆ ಸುಮಾರು 22 ಗ್ರಾಂ ಪ್ರೋಟೀನು ಇದೆ, ಕೊಬ್ಬು ತೀರಾ ಕಡಿಮೆ. ಹೆಸರು, ಅಲಸಂದೆ, ಉದ್ದು ಇವೂ ಹೆಚ್ಚುಕಡಿಮೆ ಅಷ್ಟೇ. ಈ ಅಂಕಿಗಳು ಒಣ ಕಾಳಿಗೆ ಸಂಬಂಧಿಸಿದವು ಎಂಬುದನ್ನು ಮಾತ್ರ ಮರೆಯಬಾರದು. ಬೆಂದ ಕಾಳು ನೀರು ಕುಡಿದು ಉಬ್ಬಿರುವುದರಿಂದ ನೂರು ಗ್ರಾಂಗೆ ಸಿಗುವುದು ಏಳೆಂಟು ಗ್ರಾಂ ಅಷ್ಟೇ. ಹೆಚ್ಚಿನವರ ಲೆಕ್ಕ ತಪ್ಪುವುದು ಇಲ್ಲಿಯೇ. ರಾತ್ರಿ ನೆನೆಸಿ, ನೀರು ಬಸಿದು, ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಮೊಳಕೆ ಬರಿಸಿದರೆ, ಕಬ್ಬಿಣ, ಸತುವುಗಳನ್ನು ಹಿಡಿದಿಡುವ ಫೈಟಿಕ್ ಆಮ್ಲವೂ ಕಡಿಮೆಯಾಗುತ್ತದೆ.

ಪ್ರೋಟೀನು ಅಮೈನೋ ಆಮ್ಲಗಳೆಂಬ ಘಟಕಗಳಿಂದ ಆದದ್ದು. ಅವುಗಳಲ್ಲಿ ಲೈಸಿನ್ ಎಂಬುದು ಕಾಳುಗಳಲ್ಲಿ ಹೇರಳವಾಗಿದ್ದು, ಮೆಥಿಯೋನಿನ್ ಎಂಬುದು ಕಡಿಮೆ. ಅಕ್ಕಿಯಲ್ಲಿ ಲೈಸಿನ್ನೇ ಕೊರತೆ. ಹೀಗಾಗಿ ಕುಚ್ಚಲಕ್ಕಿ ಅನ್ನಕ್ಕೆ ಹುರಳಿ ಸಾರು ಬಡಿಸಿಕೊಂಡಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಎಳ್ಳಿನಲ್ಲಿ ಮೆಥಿಯೋನಿನ್ ಚೆನ್ನಾಗಿರುವುದರಿಂದ ಎಳ್ಳಿನ ಚಟ್ನಿಯೂ ಜೊತೆಗಿರಲಿ. ಶೇಂಗಾ, ಗೇರುಬೀಜಗಳಲ್ಲಿ ಪ್ರೋಟೀನು ಇದ್ದರೂ ತೂಕದ ಅರ್ಧದಷ್ಟು ಕೊಬ್ಬಿರುವುದರಿಂದ ಹಿಡಿಯಷ್ಟು ಸಾಕು.

ಆರೋಗ್ಯವಂತ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕೆಂಬ ಲೆಕ್ಕವಿದೆ. 60 ಕಿಲೋ ಇದ್ದರೆ ಸುಮಾರು 50 ಗ್ರಾಂ. ಕಾಲು ಕಿಲೋ ಅಕ್ಕಿಯಿಂದ 18, ನೂರು ಗ್ರಾಂ ಒಣ ಕಾಳಿನಿಂದ 22, ಮೂವತ್ತು ಗ್ರಾಂ ಶೇಂಗಾದಿಂದ 7 ಗ್ರಾಂ ಬಂದರೆ, ಉಳಿದ ಎರಡು ಮೂರು ಗ್ರಾಂಗೆ ಒಂದು ಬಟ್ಟಲು ಮೊಸರೋ, ಹುಳಿಯೊಳಗಿನ ಹಲಸಿನ ಬೇಳೆಯೋ ಸಾಕಾಗುತ್ತದೆ.