ಡ್ಯೂನ್ ಮೂರನೇ ಭಾಗಕ್ಕೂ ಮುಂಚೆ ಕಾದಂಬರಿ ಓದಬಹುದಾ?

ಮೊದಲೆರಡು ಸಿನಿಮಾ ನೋಡಿದ್ದೀರಿ, ಮೂರನೆಯದಕ್ಕೆ ಆಧಾರವಾಗಿರೋ ‘ಡ್ಯೂನ್ ಮೆಸ್ಸಾಯ’ ಈಗಲೇ ಓದಿದರೆ ಥಿಯೇಟರಿನ ಮಜಾ ಹೋಗುತ್ತಾ ಅಂತ ಕೇಳಿದ್ದೀರಲ್ಲ, ನನ್ನ ಮಾತು ಕೇಳಿ, ಧೈರ್ಯವಾಗಿ ಓದಿ. 1969ರ ಈ ಕಾದಂಬರಿ ಮೊದಲ ಕಾದಂಬರಿ ‘ಡ್ಯೂನ್’ನಷ್ಟು ದಪ್ಪ ಇಲ್ಲ, ಒಂದು ವಾರದಲ್ಲಿ ಮುಗಿಯುತ್ತೆ.

ಕಥೆ ಗೊತ್ತಾದರೂ ಕುತೂಹಲ ಉಳಿಯುತ್ತೆ. ಯಾಕೆ ಅಂದ್ರೆ ನಿರ್ದೇಶಕ ಡೆನಿ ವಿಲ್ನೆವ್ ಈಗಾಗಲೇ ಕಾದಂಬರಿಯ ದಾರಿ ಬಿಟ್ಟಿದ್ದಾರೆ. ಪುಸ್ತಕದಲ್ಲಿ ನಾಯಕ ಪಾಲ್ ರಾಜಕೀಯಕ್ಕಾಗಿ ಚಕ್ರವರ್ತಿಯ ಮಗಳು ಇರುಲಾನ್‌ಳನ್ನು ಮದುವೆಯಾದರೂ ಅವನ ಪ್ರೇಯಸಿ ಚಾನಿ ಜೊತೆಗೇ ಇರ್ತಾಳೆ. ಎರಡನೇ ಸಿನಿಮಾದ ಕೊನೇ ದೃಶ್ಯ ನೆನಪಿದೆಯಲ್ಲ? ಅವಳು ಕಣ್ಣು ತುಂಬಿಕೊಂಡು ಮರಳುಗಾಡಿನ ದೈತ್ಯ ಹುಳು ಏರೋಕೆ ನಿಂತಿದ್ದಳು. ಅಲ್ಲಿಂದ ಅವಳನ್ನ ವಾಪಸ್ ಹೇಗೆ ತರ್ತಾರೆ ಅನ್ನೋದೇ ನನ್ನ ನಿದ್ದೆ ಕೆಡಿಸಿರೋ ಪ್ರಶ್ನೆ.

ಇನ್ನೊಂದು ಮಾತು. ಯುದ್ಧ, ಸಾಹಸ ನಿರೀಕ್ಷಿಸಿ ಪುಸ್ತಕ ಹಿಡಿಯಬೇಡಿ. ಮೊದಲ ಕಾದಂಬರಿಯ ಕಥೆ ಮುಗಿದು ಹನ್ನೆರಡು ವರ್ಷ ಕಳೆದಿದೆ, ಪಾಲ್ ಚಕ್ರವರ್ತಿ, ಅವನ ಹೆಸರಲ್ಲಿ ಕೋಟ್ಯಂತರ ಜನ ಸತ್ತಿದ್ದಾರೆ. ಉಳಿದದ್ದೆಲ್ಲ ಕೋಣೆಯೊಳಗಿನ ಪಿತೂರಿ, ಪಶ್ಚಾತ್ತಾಪ. ಜನ ದೇವರನ್ನಾಗಿ ಮಾಡಿಕೊಂಡ ಮನುಷ್ಯನ ಸಂಕಟ ಅದು. ವಿಲ್ನೆವ್ ಹದಿಹರೆಯದಿಂದ ಹಚ್ಚಿಕೊಂಡ ಕಥೆ ಇದು, ಅವರ ಕೈಯಲ್ಲಿ ಆ ಮೌನಗಳು ಹೇಗೆ ಕಾಣಬಹುದು ಅಂತ ಯೋಚಿಸಿದರೇ ಮೈ ಜುಮ್ಮೆನ್ನುತ್ತೆ.

ಕೊನೆಯ ಇಪ್ಪತ್ತು ಪುಟ ಮಾತ್ರ ಒಂದೇ ಕೂತಲ್ಲಿ ಓದಿ.