ಪುನಶ್ಚೇತನದ ಹಣ ಬಂದರೂ ಇಂಗ್ಲೆಂಡಿನ ಕೌನ್ಸಿಲ್‌ಗಳು (ಸ್ಥಳೀಯ ಆಡಳಿತ ಸಂಸ್ಥೆಗಳು) ಗ್ರಂಥಾಲಯ ಮುಚ್ಚುವುದೇಕೆ?

ಆ ಹಣವನ್ನು ದಿನನಿತ್ಯದ ಖರ್ಚಿಗೆ ಬಳಸುವಂತಿಲ್ಲ, ಅದಕ್ಕೇ. ಪಟ್ಟಣದ ಪುನಶ್ಚೇತನಕ್ಕೆ ಸರ್ಕಾರ ಕೊಡುವ ಅನುದಾನದ ಬಹುಪಾಲು ಬಂಡವಾಳ ವೆಚ್ಚಕ್ಕೆಂದೇ ಮೀಸಲು. ಅಂದರೆ ಕಟ್ಟಡ, ಸೇತುವೆ, ಚೌಕದಂತಹ ಬಾಳಿಕೆ ಬರುವ ಆಸ್ತಿಗೆ ಮಾತ್ರ. ಗ್ರಂಥಪಾಲಕರ ಸಂಬಳ, ವಿದ್ಯುತ್ ಬಿಲ್ಲು, ವೃದ್ಧರ ಆರೈಕೆ ಇವೆಲ್ಲ ರಾಜಸ್ವ ವೆಚ್ಚ, ಅಂದರೆ ವರ್ಷವರ್ಷವೂ ಬರುವ ಖರ್ಚು. ಅದಕ್ಕೆ ಸ್ಥಳೀಯ ತೆರಿಗೆ ಮತ್ತು ಬೇರೆ ಅನುದಾನಗಳೇ ಗತಿ.

2019ರಲ್ಲಿ ಘೋಷಣೆಯಾದ 360 ಕೋಟಿ ಪೌಂಡ್‌ಗಳ ‘ಟೌನ್ಸ್ ಫಂಡ್’ ಯೋಜನೆಯನ್ನೇ ನೋಡಿ. ಸರ್ಕಾರದೊಂದಿಗೆ ಒಪ್ಪಂದಕ್ಕೆ ಬರಲು 101 ಪಟ್ಟಣಗಳಿಗೆ ಆಹ್ವಾನ ಹೋಯಿತು. ಸಾಮಾನ್ಯವಾಗಿ ಒಂದು ಪಟ್ಟಣಕ್ಕೆ ಗರಿಷ್ಠ 2.5 ಕೋಟಿ ಪೌಂಡ್. ಕೌನ್ಸಿಲ್ ಒಂಟಿಯಾಗಿ ತೀರ್ಮಾನಿಸುವಂತಿರಲಿಲ್ಲ. ವ್ಯಾಪಾರಿಗಳು, ಸಮುದಾಯದ ಪ್ರತಿನಿಧಿಗಳು ಇರುವ ಮಂಡಳಿಯೊಂದು ಹೂಡಿಕೆ ಯೋಜನೆ ಸಿದ್ಧಪಡಿಸಬೇಕಿತ್ತು, ಸರ್ಕಾರ ಅದನ್ನು ಒಪ್ಪಬೇಕಿತ್ತು, ಆಮೇಲೆ ಪ್ರತಿ ಕಾಮಗಾರಿಯ ಲಾಭ-ವೆಚ್ಚದ ಲೆಕ್ಕ ತೋರಿಸಬೇಕಿತ್ತು. ಒಪ್ಪಿದ ಕೆಲಸದಲ್ಲಿ ದೊಡ್ಡ ಬದಲಾವಣೆ ಮಾಡಲೂ ಮತ್ತೆ ಅನುಮತಿ ಬೇಕಿತ್ತು.

ನನ್ನ ಮಟ್ಟಿಗೆ ನಿಜವಾದ ಸಂಕಟ ಶುರುವಾಗುವುದು ಕಟ್ಟಿದ ಮೇಲೆ. ಹೊಸ ಸಭಾಂಗಣಕ್ಕೆ ಕಾವಲು, ಸ್ವಚ್ಛತೆ, ದುರಸ್ತಿ ಬೇಕು. ಆ ಖರ್ಚು ವರ್ಷವರ್ಷವೂ ಬರುತ್ತದೆ, ಅನುದಾನ ಬರುವುದಿಲ್ಲ. ಆದ್ದರಿಂದ ವಿವೇಕವುಳ್ಳ ಕೌನ್ಸಿಲ್ ಬಾಡಿಗೆ ತರುವ ಮಳಿಗೆಗಳನ್ನೋ ನಿರ್ವಹಣೆ ಕಡಿಮೆ ಬೇಡುವ ಕಾಮಗಾರಿಯನ್ನೋ ಆರಿಸಿಕೊಳ್ಳುತ್ತದೆ. ಇರುವ ಗ್ರಂಥಾಲಯವನ್ನು ನವೀಕರಿಸಿ, ಅದರೊಳಗೇ ಬೇರೆ ಸೇವೆಗಳಿಗೂ ಜಾಗ ಮಾಡಿಕೊಟ್ಟು ಖರ್ಚು ಹಂಚಿಕೊಳ್ಳುವ ದಾರಿಯೂ ಇದೆ. ನಿಮ್ಮ ಊರಿನ ಯೋಜನೆ ಸಿಕ್ಕಿದರೆ ಮೊದಲು ನಿರ್ವಹಣಾ ವೆಚ್ಚದ ಪುಟವನ್ನು ಹುಡುಕಿ ಓದಿ.